ಮಹಾಮಾರಿಯ ಕಾಲದಲ್ಲಿ ಪಾಠಶಾಲೆ: ಯಾವುದು ಮೊದಲು?

ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಶಾಲೆಗಳನ್ನು ತೆರೆದ ದಿನಗಳನ್ನು ಆದರದಿಂದ ಗುರುತಿಸುತ್ತಾರೆ. ಮುಚ್ಚಿದ ದಿನಗಳ ಲೆಕ್ಕವನ್ನು ಇಡುವವರು ವಿರಳ. ಆದರೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಚರಿತ್ರೆಯಲ್ಲಿ 2020ರ ಮಾರ್ಚ್ ತಿಂಗಳಿಂದ 2021ರ ನವೆಂಬರ್ ತಿಂಗಳವರೆಗಿನ ಸುಮಾರು 20 ತಿಂಗಳುಗಳನ್ನು ಹಾಗೆ ಬಿಟ್ಟುಬಿಡುವಂತಿಲ್ಲ. ಕಷ್ಟಕಾಲದಲ್ಲಿ ಸಮಾಜವೊಂದು ಯಾವುದನ್ನು ಮೊದಲು ಉಳಿಸಿಕೊಳ್ಳುತ್ತದೆ, ಯಾವುದನ್ನು ನಾಳೆಗೆ ಬಿಡುತ್ತದೆ ಎಂಬುದು ಆ ತಿಂಗಳುಗಳಲ್ಲಿ ಸ್ಪಷ್ಟವಾಗಿ ಕಂಡುಬಂದಿತು. ಆದುದರಿಂದ ಅದನ್ನು ಒಮ್ಮೆ ಕ್ರಮವಾಗಿ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ಸಾಂಕ್ರಾಮಿಕ ರೋಗಗಳು ನಮಗೆ ಹೊಸತಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ವೇಳೆಗೆ ಬೆಂಗಳೂರನ್ನು ಮುಟ್ಟಿತು. ಆ ಭೀತಿಯಲ್ಲಿ 1897ರಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 123 ವರ್ಷಗಳ ಬಳಿಕ 2020ರಲ್ಲಿಯೂ ಸರಕಾರಗಳು ಬಳಸಿದವು. 1918ರ ಇನ್‌ಫ್ಲುಯೆಂಜಾ ಇನ್ನೂ ಭಯಂಕರವಾದುದು. ಭಾರತವೊಂದರಲ್ಲಿಯೇ ಒಂದು ಕೋಟಿಗೂ ಹೆಚ್ಚು ಮಂದಿ ಅದಕ್ಕೆ ಬಲಿಯಾದರೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ.

ಆ 1918ರಲ್ಲಿ ಅಮೆರಿಕದ ಬಹುಪಾಲು ನಗರಗಳು ಶಾಲೆಗಳನ್ನು ಮುಚ್ಚಿದವು. ಆದರೆ ನ್ಯೂಯಾರ್ಕ್ ನಗರ ಮುಚ್ಚಲಿಲ್ಲ. ಅಲ್ಲಿನ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲ್ಯಾಂಡ್ ಮತ್ತು ಶಿಶುಸ್ವಾಸ್ಥ್ಯ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಜೋಸೆಫಿನ್ ಬೇಕರ್ ಇವರ ವಾದ ಸರಳವಾಗಿತ್ತು. ನಗರದ ಹತ್ತು ಲಕ್ಷದಷ್ಟು ಮಕ್ಕಳಲ್ಲಿ ಬಹುಮಂದಿಯ ಮನೆಗಳು ಗಾಳಿಬೆಳಕಿಲ್ಲದ ಇಕ್ಕಟ್ಟಿನ ಕೋಣೆಗಳು. ಅವುಗಳಿಗಿಂತ ವಿಶಾಲವಾದ ಶಾಲೆಯಲ್ಲಿ, ಅಧ್ಯಾಪಕರ ಕಣ್ಣೆದುರಿನಲ್ಲಿ, ಮಕ್ಕಳು ಹೆಚ್ಚು ಸುರಕ್ಷಿತರು ಎಂಬುದೇ ಆ ವಾದ. ಅಧ್ಯಾಪಕರು ಪ್ರತಿದಿನವೂ ಮಕ್ಕಳನ್ನು ಪರೀಕ್ಷಿಸಿ, ಅಸ್ವಸ್ಥರೆಂದು ತೋರಿದವರನ್ನು ಬೇರ್ಪಡಿಸಿ ವೈದ್ಯರ ವಶಕ್ಕೆ ಒಪ್ಪಿಸುತ್ತಿದ್ದರು. ಈ ನಿರ್ಣಯದ ಫಲಾಫಲಗಳ ವಿಷಯದಲ್ಲಿ ಚರಿತ್ರಕಾರರಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ಆ ನಿರ್ಣಯ ಹೇಗೆ ಸಾಧ್ಯವಾಯಿತೆಂಬುದು ಗಮನಾರ್ಹ. ನ್ಯೂಯಾರ್ಕಿನ ಶಾಲೆಗಳಲ್ಲಿ ವೈದ್ಯಕೀಯ ತಪಾಸಣೆ 1897ರಿಂದಲೂ, ದಾದಿಯರ ಸೇವೆ 1902ರಿಂದಲೂ ನಡೆದುಬಂದಿತ್ತು. ರೋಗ ಬರುವ ಮೊದಲೇ ಸಿದ್ಧವಾಗಿದ್ದ ವ್ಯವಸ್ಥೆಯೇ ರೋಗ ಬಂದಾಗ ಕೈಹಿಡಿಯಿತು.

ಈಗ ನಮ್ಮ ನಾಡಿಗೆ ಬರೋಣ. ಭಾರತದ ಮೊದಲ ಮೂರು ಕೋವಿಡ್ ರೋಗಿಗಳೂ ಕೇರಳದವರು. ಮೂರನೆಯದು ನಮ್ಮ ಕಾಞಂಗಾಡಿನಲ್ಲಿ 2020ರ ಫೆಬ್ರವರಿ 3ರಂದು ದೃಢಪಟ್ಟಿತು. ಮಾರ್ಚ್ 10ರಂದು ಕೇರಳ ಸರಕಾರ ಏಳನೆಯ ತರಗತಿಯವರೆಗಿನ ಪಾಠಪರೀಕ್ಷೆಗಳನ್ನು ನಿಲ್ಲಿಸಿತು. ಹತ್ತನೆಯ ತರಗತಿಯ ಪರೀಕ್ಷೆಯೂ ನಡುವಿನಲ್ಲಿಯೇ ನಿಂತಿತು. ಅಷ್ಟರಲ್ಲಿ ತಲಪಾಡಿಯ ಹೆದ್ದಾರಿ ಮುಚ್ಚಿತು. ಒಳದಾರಿಗಳಿಗೆ ಅಡ್ಡಲಾಗಿ ಮಣ್ಣಿನ ರಾಶಿಗಳು ಬಿದ್ದವು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಬೇಕಾಯಿತು. ಆಸ್ಪತ್ರೆ, ಅಂಗಡಿ, ಕಾಲೇಜು, ನೆಂಟಸ್ತಿಕೆ ಎಲ್ಲವೂ ಎರಡೂ ಕಡೆ ಹಬ್ಬಿರುವ ನಮಗೆ, ನಕಾಶೆಯ ಗೆರೆ ನಿತ್ಯಜೀವನದ ಗೋಡೆಯಾದುದು ಆಗಲೇ.

ಇಂತಹ ಸ್ಥಿತಿಯಲ್ಲಿ ರಾಜ್ಯವು ಶಾಲಾಮಕ್ಕಳ ವಿಷಯದಲ್ಲಿ ಇಟ್ಟುಕೊಂಡ ಆದ್ಯತೆಗಳನ್ನು ನ್ಯಾಯವಾಗಿ ನೋಡಬೇಕು. ಮೊದಲನೆಯದು ಪ್ರಾಣ, ಅದಕ್ಕಾಗಿ ಶಾಲೆ ಮುಚ್ಚಿತು. ಎರಡನೆಯದು ಅನ್ನ, ಮಧ್ಯಾಹ್ನದ ಊಟಕ್ಕೆ ಬದಲಾಗಿ ಅಕ್ಕಿ, ಬೇಳೆ ಮೊದಲಾದವುಗಳ ಕಿಟ್ಟುಗಳು ಮಕ್ಕಳ ಮನೆಗಳಿಗೆ ಸಂದವು. ಮೂರನೆಯದು ಪರೀಕ್ಷೆ, ಹತ್ತನೆಯ ತರಗತಿಯ ಉಳಿದ ಪರೀಕ್ಷೆಗಳನ್ನು ಮೇ 26ರಿಂದ ನಡೆಸಲಾಯಿತು, ಬೇರೆ ಊರುಗಳಲ್ಲಿ ಸಿಕ್ಕಿಬಿದ್ದವರಿಗೆ ಪರೀಕ್ಷಾಕೇಂದ್ರವನ್ನು ಬದಲಿಸಿಕೊಳ್ಳುವ ಅವಕಾಶವೂ ದೊರೆಯಿತು. ಜೂನ್ ಕೊನೆಯಲ್ಲಿ ಕರ್ನಾಟಕದ ಪರೀಕ್ಷೆ ನಡೆದಾಗ, ದಕ್ಷಿಣ ಕನ್ನಡದ ಶಾಲೆಗಳಲ್ಲಿ ಓದುತ್ತಿದ್ದ ನಮ್ಮ ಮಕ್ಕಳನ್ನು ತಲಪಾಡಿಯಿಂದ ಬಸ್ಸಿನಲ್ಲಿ ಕರೆದೊಯ್ಯುವ ಏರ್ಪಾಡಾಯಿತು. ನಾಲ್ಕನೆಯದು ಪಾಠ, ಜೂನ್ 1ರಿಂದ ವಿಕ್ಟರ್ಸ್ ದೂರದರ್ಶನ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದವು. ದೂರದರ್ಶನವಾಗಲಿ ಇಂಟರ್‌ನೆಟ್ ಆಗಲಿ ಇಲ್ಲದ ಮಕ್ಕಳು ರಾಜ್ಯದಲ್ಲಿ 2.61 ಲಕ್ಷ ಎಂದು ಸಮೀಕ್ಷೆ ಹೇಳಿತು. ಅವರಿಗಾಗಿ ವಾಚನಾಲಯಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಕಲಿಕಾಕೇಂದ್ರಗಳು ಏರ್ಪಟ್ಟವು. ಇದೆಲ್ಲವೂ ಮೆಚ್ಚತಕ್ಕ ಕಾರ್ಯವೇ.

ಆದರೆ ಐದನೆಯದೊಂದಿದೆ, ಅದು ಪಾಠದ ಭಾಷೆ. ‘ಫಸ್ಟ್ ಬೆಲ್’ ಬಾರಿಸಿದುದು ಮುಖ್ಯವಾಗಿ ಮಲೆಯಾಳದಲ್ಲಿ. ಕನ್ನಡ ಮಾಧ್ಯಮದ ಪಾಠಗಳನ್ನು ನಮ್ಮ ಜಿಲ್ಲೆಯ ಅಧ್ಯಾಪಕರು ಶ್ರಮವಹಿಸಿ ಸಿದ್ಧಪಡಿಸಿದರು. ಅವು ಯೂಟ್ಯೂಬಿನ ಪ್ರತ್ಯೇಕ ವಾಹಿನಿಯಲ್ಲಿ ದೊರೆಯತೊಡಗಿದವು. ಮೇಲುನೋಟಕ್ಕೆ ಇದು ಸಮಾನತೆಯೇ. ಆದರೆ ದೂರದರ್ಶನದ ಪಾಠಕ್ಕೆ ಮನೆಯಲ್ಲೊಂದು ಪೆಟ್ಟಿಗೆ ಸಾಕು. ಯೂಟ್ಯೂಬಿನ ಪಾಠಕ್ಕೆ ಸ್ಮಾರ್ಟ್‌ಫೋನು ಬೇಕು, ದುಡ್ಡು ಕೊಟ್ಟ ಡೇಟಾ ಬೇಕು, ಗುಡ್ಡದ ಮರೆಯಲ್ಲಿರುವ ಮನೆಗೆ ಸಂಕೇತವೂ ತಲುಪಬೇಕು. ಒಂದೇ ಫೋನು, ಅದೂ ತಂದೆ ಕೆಲಸಕ್ಕೆ ಒಯ್ಯುವ ಫೋನಾದರೆ, ಮಗುವಿನ ಪಾಠ ಕತ್ತಲಾದ ಮೇಲೆಯೇ. ಯಾರ ದುರುದ್ದೇಶವೂ ಇಲ್ಲದೆ ಕನ್ನಡದ ಮಗು ಒಂದು ಮೆಟ್ಟಿಲು ಕೆಳಗೆ ನಿಂತಿತು. ಅಲ್ಪಸಂಖ್ಯಾತರ ಪಾಲಿಗೆ ಅನ್ಯಾಯ ಅನೇಕ ವೇಳೆ ಹೀಗೆಯೇ ಬರುತ್ತದೆ: ಆಜ್ಞೆಯ ರೂಪದಲ್ಲಲ್ಲ, ವಿಳಂಬದ ರೂಪದಲ್ಲಿ.

ಇದರ ಹಾನಿ ನಮ್ಮಲ್ಲಿ ಅಧಿಕವಾಗಲು ವಿಶೇಷ ಕಾರಣವೊಂದುಂಟು. ಕಾಸರಗೋಡು, ಮಂಜೇಶ್ವರಗಳ ಕನ್ನಡ ಶಾಲೆಗಳಿಗೆ ಬರುವ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ, ಮಲೆಯಾಳ ಹೀಗೆ ಹಲವು ಬಗೆ. ಇವರೆಲ್ಲರಿಗೂ ಗ್ರಂಥಸ್ಥ ಕನ್ನಡ ದೊರೆಯುವುದು ಶಾಲೆಯ ಅಂಗಳದಲ್ಲಿ: ಉಪಾಧ್ಯಾಯರ ಬಾಯಿಂದ, ಬೆಳಗ್ಗಿನ ಪ್ರಾರ್ಥನೆಯಿಂದ, ಕಾಪಿ ಪುಸ್ತಕದ ಕೆಂಪು ಶಾಯಿಯಿಂದ. ಕಛೇರಿಯ ಭಾಷೆ ಬೇರೆ, ಬಸ್ಸಿನ ಫಲಕದ ಭಾಷೆ ಬೇರೆಯಾದ ಊರಿನಲ್ಲಿ ಶಾಲೆ ಮುಚ್ಚಿದರೆ ಕನ್ನಡಕ್ಕೆ ಇನ್ನೊಂದು ಬಾಗಿಲಿಲ್ಲ. ಭಾಷೆಯೇ ಮೊದಲು ಮಾಸುವುದೆಂಬುದಕ್ಕೆ ಪ್ರಮಾಣವೂ ಇದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ನೂರಕ್ಕೆ 92 ಮಂದಿ ಹಿಂದಿನ ವರ್ಷ ಇದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು; ಗಣಿತದಲ್ಲಿ ಆ ಸಂಖ್ಯೆ 82. ಬೀದಿಯೂ ಮಾರುಕಟ್ಟೆಯೂ ಶಾಲೆಯ ಭಾಷೆಯನ್ನೇ ಆಡುವ ಊರುಗಳಲ್ಲಿಯೂ ಈ ಗತಿಯಾದರೆ, ನಮ್ಮ ಮಕ್ಕಳ ಪಾಡನ್ನು ಊಹಿಸುವುದು ಕಷ್ಟವಲ್ಲ.

ಗಡಿಯಾಚೆಗಿನ ಕರ್ನಾಟಕದಲ್ಲಿ 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಪ್ರಯತ್ನ ನಡೆಯಿತು. ಅಧ್ಯಾಪಕರೇ ಮಕ್ಕಳ ಕೇರಿಗೆ ಹೋಗಿ, ದೇವಸ್ಥಾನದ ಜಗಲಿಯಲ್ಲೋ ಮರದ ನೆರಳಿನಲ್ಲೋ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಅಧ್ಯಾಪಕರಿಗೆ ಸೋಂಕು ತಗಲಿದ ವರದಿಗಳು ಬಂದು ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮುಂದಿನ ಜನವರಿಯಲ್ಲಿ ಪುನಃ ಆರಂಭವಾಯಿತು. ಮಗುವಿಗೆ ಬೇಕಾದುದು ಕಟ್ಟಡವಲ್ಲ, ಎದುರಿಗೆ ಕುಳಿತ ಗುರು ಎಂಬುದನ್ನೂ, ಗುರುವಿನ ಪ್ರಾಣವೂ ಅಗ್ಗವಲ್ಲವೆಂಬುದನ್ನೂ ಈ ಪ್ರಯೋಗ ಒಟ್ಟಿಗೇ ಕಲಿಸಿತು.

2021ರ ನವೆಂಬರ್ 1ರಂದು ಕೇರಳದ ಶಾಲೆಗಳು ಅರ್ಧರ್ಧ ಮಕ್ಕಳ ತಂಡಗಳಾಗಿ ತೆರೆದವು. ಮೊದಲ ದಿನವೇ ಒಂದರಿಂದ ಏಳರವರೆಗಿನ ಚಿಕ್ಕ ಮಕ್ಕಳನ್ನು, ಹತ್ತು ಮತ್ತು ಹನ್ನೆರಡನೆಯ ತರಗತಿಯವರೊಂದಿಗೆ, ಕರೆಸಿಕೊಂಡುದು ವಿವೇಕದ ಕ್ರಮ. ಆದರೆ ಎರಡು ವರ್ಷಗಳ ಒಂದನೆಯ ತರಗತಿಯವರು ಅಕ್ಷರಾಭ್ಯಾಸವನ್ನು ಪರದೆಯ ಮುಂದೆಯೇ ಮಾಡಿದ್ದರು. ಒತ್ತಕ್ಷರ, ದೀರ್ಘಗಳನ್ನು ಕೈಹಿಡಿದು ತಿದ್ದಿಸುವವರಿಲ್ಲದೆ ಕಳೆದ ಆ ಕಾಲದ ಸಾಲ ಪರೀಕ್ಷೆಯ ಫಲಿತಾಂಶದಲ್ಲಿ ಕಾಣುವಂತಹುದಲ್ಲ. 2021ರಲ್ಲಿ ಹತ್ತನೆಯ ತರಗತಿಯ ತೇರ್ಗಡೆ ನೂರಕ್ಕೆ 99.47 ಆಗಿದ್ದಿತೆಂಬುದನ್ನು ನೆನೆದರೆ ಸಾಕು.

ಇನ್ನೊಂದು ಮಾರಿ ಬಾರದಿರಲಿ. ಆದರೆ ಬಂದರೆ ನಮ್ಮ ಆದ್ಯತೆಗಳು ಮೊದಲೇ ನಿಶ್ಚಿತವಾಗಿರಬೇಕು. ಪ್ರಾಣ ಮತ್ತು ಅನ್ನ ಮೊದಲೆಂಬುದರಲ್ಲಿ ವಿವಾದವಿಲ್ಲ. ಅವುಗಳ ಮರುಸ್ಥಾನದಲ್ಲಿ, ಪರೀಕ್ಷೆಗಿಂತಲೂ ಮುಂಚೆ, ಚಿಕ್ಕ ತರಗತಿಯ ಮಕ್ಕಳ ಓದುಬರಹ ಇರತಕ್ಕದ್ದು. ಮಲೆಯಾಳದ ಪಾಠ ದೂರದರ್ಶನದಲ್ಲಿ ಬರುವ ದಿನವೇ ಕನ್ನಡದ ಪಾಠವೂ ಅಲ್ಲಿಯೇ ಬರಬೇಕೆಂದು ಕೇಳುವುದು ನಮ್ಮ ಹಕ್ಕು. ಸರಕಾರದಿಂದ ಆಗಬೇಕಾದುದು ಇಷ್ಟು. ನಮ್ಮಿಂದ ಆಗಬೇಕಾದುದೂ ಉಂಟು. ಪ್ರತಿಯೊಂದು ಊರಿನ ಸಂಘವೂ ಕನ್ನಡ ಓದುವ ಮಕ್ಕಳ ಮನೆಗಳ ಪಟ್ಟಿಯೊಂದನ್ನು, ಅವರಿಗೆ ಪಾಠ ಹೇಳಬಲ್ಲ ನಿವೃತ್ತ ಅಧ್ಯಾಪಕರ ಹೆಸರುಗಳನ್ನು, ವಾಚನಾಲಯದಲ್ಲಿ ಒಂದು ಕಪಾಟು ತುಂಬ ಬಾಲಸಾಹಿತ್ಯವನ್ನು ಸಿದ್ಧವಾಗಿಡಲಿ. ತಾಯಂದಿರು ದಿನಕ್ಕೆ ಒಂದು ಪುಟವನ್ನು ಗಟ್ಟಿಯಾಗಿ ಓದಿಸಲಿ. ನ್ಯೂಯಾರ್ಕಿನ ದಾದಿಯರು 1918ರಲ್ಲಿ ನೇಮಕವಾದವರಲ್ಲ. ಹದಿನಾರು ವರ್ಷ ಮೊದಲೇ ಕೆಲಸಕ್ಕೆ ತೊಡಗಿದ್ದವರು. ಕೇಡಿಲ್ಲದ ದಿನಗಳಲ್ಲಿ ಮಾಡಿದ ಸಿದ್ಧತೆಯೇ ಕೇಡಿನ ದಿನದಲ್ಲಿ ನಮ್ಮ ಮಕ್ಕಳನ್ನೂ ನಮ್ಮ ನುಡಿಯನ್ನೂ ಕಾಯುವುದು.