ನದಿ ಕಾಯುವ ಸಾಕ್ಷ್ಯಚಿತ್ರ: ಕುದುರೆಮುಖದಿಂದ ನೇತ್ರಾವತಿಗೆ

ಕೆಟ್ಟ ನದಿಯನ್ನು ಮತ್ತೆ ಬದುಕಿಸಲು ಜನರ ಬೆಂಬಲ ಕಟ್ಟಿದ ಸಾಕ್ಷ್ಯಚಿತ್ರಗಳಲ್ಲಿ ಕರ್ನಾಟಕದ ಮಟ್ಟಿಗೆ ಮೊದಲು ಹೆಸರಿಸಬೇಕಾದದ್ದು ಶೇಖರ್ ದತ್ತಾತ್ರಿಯವರ ‘ಮೈಂಡ್‌ಲೆಸ್ ಮೈನಿಂಗ್’ (2001). ಕುದುರೆಮುಖದ ಗಣಿಗಾರಿಕೆಯ ದುರಂತವನ್ನು ಹೇಳುವ ಈ ಚಿತ್ರದ ಕೇಂದ್ರದಲ್ಲಿರುವುದು ಭದ್ರಾ ನದಿ. ಆದರೆ ಅದೇ ಬೆಟ್ಟಸಾಲಿನ ಪಡುವಣ ಮಗ್ಗುಲಿನ ನೀರು ನೇತ್ರಾವತಿಯಾಗಿ ಬೆಳ್ತಂಗಡಿ, ಬಂಟ್ವಾಳ ತಾಲ್ಲೂಕುಗಳನ್ನು ದಾಟಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಹಾಗಾಗಿ ಆ ಗಣಿಗಾರಿಕೆಯ ವಿರುದ್ಧದ ಹೋರಾಟ ತುಳುನಾಡಿನದ್ದೂ ಹೌದು.

ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿದ್ದು 1976ರಲ್ಲಿ. ಅದಿರಿನ ರಾಡಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರು ಸೇರುತ್ತಿತ್ತು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾದರೂ ಗಣಿ ನಿಲ್ಲಲಿಲ್ಲ. ಗಣಿ ಗುತ್ತಿಗೆ 1999ರಲ್ಲಿ ಮುಗಿದಾಗ ಅದನ್ನು ಮುಂದುವರಿಸುವ ಪ್ರಯತ್ನ ಶುರುವಾಯಿತು. ವೈಲ್ಡ್‌ಲೈಫ್ ಫಸ್ಟ್ ಸಂಘಟನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಆಗ.

ಚಿತ್ರ ಕಾಲು ಗಂಟೆಯೂ ಇಲ್ಲ. ಅಷ್ಟರಲ್ಲೇ ಅದು ಅರ್ಜಿಯ ಪುಟಗಳು ಕಾಣಿಸಲಾರದ್ದನ್ನು ಕಾಣಿಸುತ್ತದೆ: ಶೋಲಾ ಕಾಡು, ಹುಲ್ಲುಗಾವಲಿನ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಗುಡ್ಡ, ಮಳೆಗಾಲದಲ್ಲಿ ಕೆಂಪಗೆ ಹರಿಯುವ ಹೊಳೆ. ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ ಸುರಿಯುವ ಜಾಗದಲ್ಲಿ ಮಣ್ಣು ಸಡಿಲಿಸಿದರೆ ಅದು ಎಲ್ಲಿಗೆ ಹೋಗುತ್ತದೆಂದು ನೋಡುಗನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. 2002ರ ಅಕ್ಟೋಬರ್ 30ರಂದು ಬಂದ ತೀರ್ಪು 2005ರ ಕೊನೆಗೆ ಗಣಿಗಾರಿಕೆ ಮುಗಿಸಬೇಕೆಂದಿತು, ಹಾಗೆಯೇ ಆಯಿತು. ಈ ಗೆಲುವನ್ನು ಚಿತ್ರವೊಂದರ ಲೆಕ್ಕಕ್ಕೆ ಬರೆಯುವುದು ತಪ್ಪು. ವಕೀಲರು, ವಿಜ್ಞಾನಿಗಳು, ಊರಿನ ಹೋರಾಟಗಾರರು ಜತೆಗಿದ್ದರು. ಕಾಡಿನೊಳಗಿನ ಸಂಗತಿಯನ್ನು ಪಟ್ಟಣದ ಜನರ, ಅಧಿಕಾರಿಗಳ ಕಣ್ಣೆದುರು ತಂದದ್ದು ಮಾತ್ರ ಕ್ಯಾಮೆರಾ. ದತ್ತಾತ್ರಿಯವರಿಗೆ 2004ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು.

ಅಮೆರಿಕದಲ್ಲಿ ಸಾಲ್ಮನ್ ಮೀನಿನ ನದಿಗಳ ಕಥೆಯೂ ಇದಕ್ಕೆ ಹತ್ತಿರದ್ದು. ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಕೆಡವಲಾಯಿತು. ಮೀನು ಮೇಲಕ್ಕೆ ಮರಳಿತು. 2014ರ ‘ಡ್ಯಾಮ್‌ನೇಷನ್’ ಚಿತ್ರ ಆ ಕೆಡಹುವಿಕೆಯನ್ನು ತೋರಿಸಿ ಉಳಿದ ನದಿಗಳ ಪರವಾಗಿ ಮಾತನಾಡಿತು.

ನೇತ್ರಾವತಿ ಕೊಳ್ಳದಲ್ಲಿ ಸಾಲ್ಮನ್ ಇಲ್ಲ, ದೇವರ ಮೀನಿದೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಮೆಟ್ಟಿಲಿನ ಬಳಿ ಕಪಿಲಾ ಹೊಳೆಯ ಮಹಶೀರ್ ಮೀನುಗಳು ಭಕ್ತರು ಎರಚುವ ಅಕ್ಕಿಗೆ ಮೈಮೇಲೆ ಬಿದ್ದು ಬರುತ್ತವೆ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಕೊಳ್ಳದ ನೋವು ಅಲ್ಲಿಗೆ ಮುಗಿಯಲಿಲ್ಲ. 2019ರ ಆಗಸ್ಟ್‌ನ ನೆರೆಯಲ್ಲಿ ಚಾರ್ಮಾಡಿ ಸುತ್ತಿನ ಅಡಿಕೆ ತೋಟಗಳಲ್ಲಿ ಮರಳು, ಮರದ ದಿಮ್ಮಿ ತುಂಬಿದವು. ಕೆಳಗೆ ಬಂಟ್ವಾಳದ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟು ಮಂಗಳೂರಿಗೆ ಕುಡಿಯುವ ನೀರು ಕೊಡುತ್ತದೆ. ಮೇಲೆ ಎತ್ತಿನಹೊಳೆ ಯೋಜನೆ ಇದೇ ಕೊಳ್ಳದಿಂದ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ಒಯ್ಯುವ ಲೆಕ್ಕ ಹಾಕಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು.

ನೇತ್ರಾವತಿಗೂ ಇಂಥದೊಂದು ಚಿತ್ರ ಬೇಕು. ಮೂಡುಬಿದಿರೆಯಲ್ಲಿ 2016ರ ಕೊನೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದೊಂದಿಗೆ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳ ಕುರಿತ ಸಮ್ಮೇಳನ ನಡೆಸಿತ್ತು. ಅಂಥ ವೇದಿಕೆಯ ಅಂಕಿ-ಅಂಶ ಮತ್ತು ಶಿಶಿಲ, ಚಾರ್ಮಾಡಿ, ತುಂಬೆಯ ಜನರ ಮಾತು ಒಂದೇ ಚಿತ್ರದಲ್ಲಿ ಸೇರಬೇಕು. ಅದು ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ಹಿಡಿದಿರಬೇಕು. ಮೊದಲ ಪ್ರದರ್ಶನ ನಗರದ ಉತ್ಸವದಲ್ಲಲ್ಲ, ಹೊಳೆಬದಿಯ ಊರಿನ ಶಾಲೆಯ ಅಂಗಳದಲ್ಲಿ ಆಗಲಿ.