ಆಟೊಮ್ಯಾಟಿಕ್ ಕಾರಿನ ಪ್ಲಸ್-ಮೈನಸ್ ಎಲ್ಲಿಂದ ಬಂತು? ಸೆಕೆಂಡ್ ಹ್ಯಾಂಡ್ ಕೊಳ್ಳೋ ಮುಂಚೆ ಒಂದಿಷ್ಟು ಇತಿಹಾಸ

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆನೂ ಇಲ್ಲ. ಆಟೊಮ್ಯಾಟಿಕ್ ಕಾರಿನ ಗೇರ್ ಲಿವರ್ ಪಕ್ಕದಲ್ಲಿ ಇರುತ್ತಲ್ಲ, ಒಂದು ಪ್ಲಸ್, ಒಂದು ಮೈನಸ್, ಆ ಎರಡು ಗುರುತುಗಳ ಕಥೆ ಇದೆ. ಸಣ್ಣ ವಿಷಯ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಹೋದ ವರ್ಷದ ದೀಪಾವಳಿ ರಜೆವರೆಗೆ.

ಧಾರವಾಡದಿಂದ ಬೆಳಗಾವಿ ದಾಟಿ ಸಾವಂತವಾಡಿ ಕಡೆ ಹೊರಟಿದ್ವಿ. ಬಾಡಿಗೆ ಕಾರು, ಆಟೊಮ್ಯಾಟಿಕ್. ಓಡಿಸ್ತಿದ್ದವರು ನಮ್ಮ ಭಾವ. ಅವರ ಎಡ ಮೊಣಕಾಲಿಗೆ ಆಪರೇಷನ್ ಆಗಿದೆ, ಕ್ಲಚ್ ತುಳಿಯೋಕೆ ಆಗಲ್ಲ. ಹಿಂದಿನ ಸೀಟಲ್ಲಿ ಅಕ್ಕ, ಮೊಮ್ಮಗಳು. ಡಿಕ್ಕಿ ತುಂಬಾ ಸಾಮಾನು. ಅಂಬೋಲಿ ಘಾಟ್ ಇಳೀತಾ ಅರ್ಧ ದಾರಿಗೆ ಬಂದಾಗ ಭಾವ ಅಂದ್ರು, "ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲೋ." ಬ್ರೇಕ್ ವಾಸನೆ. ಇನ್ನೆರಡು ತಿರುವು ಆದ ಮೇಲೆ ಪೆಡಲ್ ಮೆತ್ತಗಾಯ್ತು, ತುಳಿದಷ್ಟೂ ಒಳಗೆ ಹೋಗ್ತಿತ್ತು. ಹೇಗೋ ಅಗಲ ಜಾಗ ನೋಡಿ ನಿಲ್ಲಿಸಿ, ಮುಕ್ಕಾಲು ಗಂಟೆ ಕೂತ್ವಿ. ಯಾರೂ ಮಾತಾಡಲಿಲ್ಲ.

ಆಮೇಲೆ ಗೊತ್ತಾಗಿದ್ದು ಏನಂದ್ರೆ, ಆ ಕಾರಲ್ಲಿ ಲಿವರ್ ಪಕ್ಕ ಪ್ಲಸ್-ಮೈನಸ್ ಇತ್ತು! ಮೈನಸ್ ಎರಡು ಸಲ ಒತ್ತಿದ್ರೆ ಎಂಜಿನ್ನೇ ಕಾರನ್ನ ಹಿಡಿದುಕೊಳ್ತಿತ್ತು. ನಮ್ಮಿಬ್ಬರಿಗೂ ಅದು ಯಾಕಿದೆ ಅಂತ ಗೊತ್ತಿರಲಿಲ್ಲ. ಈಗ ಭಾವನಿಗೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಹುಡುಕೋಕೆ ಶುರು ಮಾಡಿದ ಮೇಲೆ ಅದರ ಹಿಂದೆ ಬಿದ್ದೆ. ಇಲ್ಲಿ ಪುಣೆಯಲ್ಲಿ ನೋಡಿದ ಕಡೆಯೆಲ್ಲ ಡೀಲರ್‌ಗಳು ಹೇಳಿದ್ದು ಒಂದೇ ಮಾತು: "ಎಲ್ಲದರಲ್ಲೂ ಪ್ಲಸ್-ಮೈನಸ್ ಇದೆ ಸಾಹೇಬ್, ಎಲ್ಲ ಒಂದೇ." ಅದು ನಿಜ ಅಲ್ಲ. ಗುರುತು ಒಂದೇ, ಒಳಗಿನ ಮನೆತನ ನಾಲ್ಕು. ಯಾವ ಕಾರು ಯಾವ ಮನೆತನದ್ದು ಅಂತ ತಿಳಿಯದೆ ಹಳೇ ಆಟೊಮ್ಯಾಟಿಕ್‌ಗೆ ದುಡ್ಡು ಹಾಕಬಾರದು.

ಮೊದಲನೇ ಮನೆತನದಿಂದ ಶುರು ಮಾಡೋಣ. 1939ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಹೈಡ್ರಾಮ್ಯಾಟಿಕ್ ಅನ್ನೋ ಗೇರ್‌ಬಾಕ್ಸ್ ಹೊರತಂದಿತು. 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಬಂತು, ಎಕ್ಸ್‌ಟ್ರಾ 57 ಡಾಲರ್ ಕೊಡಬೇಕಿತ್ತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ತಿ ಆಟೊಮ್ಯಾಟಿಕ್ ಇದು. ಎಂಜಿನ್‌ಗೂ ಗೇರ್‌ಗೂ ನಡುವೆ ಕ್ಲಚ್ ಪ್ಲೇಟಿನ ಬದಲು ಎಣ್ಣೆ. ಎರಡನೇ ಮಹಾಯುದ್ಧದಲ್ಲಿ ಇದೇ ಗೇರ್‌ಬಾಕ್ಸ್ ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕಿನೊಳಗೂ ಹೋಯಿತು. ಈ ಎಣ್ಣೆಯ ಜೋಡಣೆಯ ಜಾಗಕ್ಕೆ ಮುಂದೆ ಟಾರ್ಕ್ ಕನ್ವರ್ಟರ್ ಬಂತು.

ಆ ಮೊದಲ ಕಾರಿನ ಲಿವರ್‌ನಲ್ಲಿ ನಾಲ್ಕೇ ಸ್ಥಾನ: ನ್ಯೂಟ್ರಲ್, ಹೈ, ಲೋ, ರಿವರ್ಸ್. ಹೈಗೆ ಹಾಕಿದ್ರೆ ಎಲ್ಲ ತಾನೇ ನೋಡ್ಕೊಳ್ಳುತ್ತೆ. ಹಾಗಿದ್ದ ಮೇಲೆ 'ಲೋ' ಯಾಕೆ ಬೇಕಿತ್ತು? ಗುಡ್ಡಕ್ಕೆ. ಗೇರ್‌ಬಾಕ್ಸಿಗೆ ಕಾರಿನ ವೇಗ ಗೊತ್ತು, ನೀವು ಆಕ್ಸಿಲರೇಟರ್ ಎಷ್ಟು ತುಳಿದಿದ್ದೀರಿ ಅನ್ನೋದು ಗೊತ್ತು. ಮುಂದೆ ಇಳಿಜಾರು ಇದೆ, ತಿರುವು ಇದೆ ಅಂತ ಗೊತ್ತಾಗಲ್ಲ. ಅದಕ್ಕೆ ಕಣ್ಣಿಲ್ಲ. ಇಳಿಜಾರಲ್ಲಿ ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದ ತಕ್ಷಣ ಅದು "ಆರಾಮಾಗಿ ಹೋಗ್ತಿದ್ದಾರೆ" ಅಂದ್ಕೊಂಡು ಮೇಲಿನ ಗೇರ್‌ಗೆ ಹೋಗುತ್ತೆ. ಎಂಜಿನ್ ಹಿಡಿತ ಬಿಟ್ಟುಹೋಗುತ್ತೆ. ಆಗ ಪೂರ್ತಿ ಭಾರ ಬ್ರೇಕ್ ಮೇಲೆ. ಅಂಬೋಲಿಯಲ್ಲಿ ನಮಗೆ ಆಗಿದ್ದು ಇದೇ.

ಅಂದ್ರೆ ಮೊದಲ ಆಟೊಮ್ಯಾಟಿಕ್ ಮಾಡಿದವರೇ ಮನುಷ್ಯನ ಕೈಗೆ ಒಂದು ಸಣ್ಣ ಕಿಂಡಿ ಬಿಟ್ಟಿದ್ರು. ಮುಂದಿನ ಐವತ್ತು ವರ್ಷದ ಕಥೆ ಆ ಕಿಂಡಿ ದೊಡ್ಡದಾದ ಕಥೆ.

ಅಮೆರಿಕದಲ್ಲಿ ಆಟೊಮ್ಯಾಟಿಕ್ ಮಾಮೂಲಾಯ್ತು. ಯುರೋಪಿನಲ್ಲಿ ಗೇರ್ ಕೈಯಲ್ಲೇ ಉಳೀತು. 1967ರಲ್ಲಿ ಜರ್ಮನಿಯ ಪೋರ್ಶೆ ಒಂದು ಮಧ್ಯದ ದಾರಿ ಹುಡುಕಿತು. ಹೆಸರು ಸ್ಪೋರ್ಟೋಮ್ಯಾಟಿಕ್. ಗೇರ್ ನೀವೇ ಹಾಕಬೇಕು, ಆದ್ರೆ ಕ್ಲಚ್ ಪೆಡಲ್ ಇಲ್ಲ. ಲಿವರ್ ಒಳಗೆ ಒಂದು ಸಣ್ಣ ಸ್ವಿಚ್. ನೀವು ಲಿವರ್ ಹಿಡಿದು ಎಳೆಯೋಕೆ ಹೋದ್ರೆ ಕ್ಲಚ್ ತಾನಾಗೇ ಬಿಡುತ್ತಿತ್ತು. ನಮ್ಮಲ್ಲಿ ಎಷ್ಟೋ ಜನಕ್ಕೆ ಓಡಿಸುವಾಗ ಲಿವರ್ ಮೇಲೆ ಕೈ ಇಟ್ಕೊಂಡೇ ಕೂರೋ ಅಭ್ಯಾಸ ಇದೆಯಲ್ಲ, ಅಂಥವರಿಗೆ ಆ ಕಾರು ಆಗ್ತಿರಲಿಲ್ಲ!

ಆಮೇಲೆ 1989. ಫಾರ್ಮುಲಾ ಒನ್ ರೇಸು, ಬ್ರೆಜಿಲ್. ಜಾನ್ ಬರ್ನಾರ್ಡ್ ಅನ್ನೋ ಎಂಜಿನಿಯರ್ ವಿನ್ಯಾಸ ಮಾಡಿದ ಫೆರಾರಿ 640 ಕಾರು. ಗೇರ್ ಲಿವರ್ರೇ ಇಲ್ಲ. ಸ್ಟಿಯರಿಂಗ್ ಹಿಂದೆ ಎರಡು ಪಟ್ಟಿ, ಬಲಗಡೆಯದು ಎಳೆದ್ರೆ ಗೇರ್ ಮೇಲೆ, ಎಡಗಡೆಯದು ಎಳೆದ್ರೆ ಕೆಳಗೆ. ಟೆಸ್ಟಿಂಗ್‌ನಲ್ಲಿ ಕಾರು ಪದೇ ಪದೇ ಕೆಟ್ಟು ನಿಂತಿತ್ತು. ರೇಸ್ ಪೂರ್ತಿ ಓಡೋದಿಲ್ಲ ಅಂತ ಬೇಗ ಹೊರಡೋ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದೆ ಅಂತ ಡ್ರೈವರ್ ನೈಜಲ್ ಮ್ಯಾನ್ಸೆಲ್ ಆಮೇಲೆ ಹೇಳ್ಕೊಂಡಿದ್ದಾರೆ. ಅದೇ ರೇಸ್ ಗೆದ್ದುಬಿಟ್ರು! ಕೆಲವೇ ವರ್ಷಗಳಲ್ಲಿ ಎಲ್ಲ ತಂಡಗಳೂ ಅದೇ ದಾರಿ ಹಿಡಿದವು. ಇವತ್ತು ಕಾರುಗಳಲ್ಲಿ ಕಾಣೋ ಪ್ಯಾಡಲ್ ಶಿಫ್ಟ್‌ನ ತವರುಮನೆ ಅದು.

ಮರುವರ್ಷದ, ಅಂದ್ರೆ 1990ರ ಮಾಡೆಲ್ ಪೋರ್ಶೆ 911ಗೆ ಟಿಪ್‌ಟ್ರಾನಿಕ್ ಬಂತು. ಒಳಗೆ ಟಾರ್ಕ್ ಕನ್ವರ್ಟರ್ ಇರೋ ಮಾಮೂಲಿ ನಾಲ್ಕು ಗೇರಿನ ಆಟೊಮ್ಯಾಟಿಕ್. ಹೊಸದೇನು ಅಂದ್ರೆ, 'ಡಿ'ಯಿಂದ ಲಿವರ್ ಪಕ್ಕಕ್ಕೆ ಸರಿಸಿದ್ರೆ ಇನ್ನೊಂದು ಗಾಡಿ, ಅಲ್ಲಿ ಮೇಲೆ ಪ್ಲಸ್, ಕೆಳಗೆ ಮೈನಸ್. ನಾವು ಇವತ್ತು ಎಲ್ಲ ಕಡೆ ನೋಡ್ತಿರೋ ಆ ಗುರುತು ಜನಪ್ರಿಯ ಆಗಿದ್ದು ಇಲ್ಲಿಂದ. ಗುಡ್ಡ ಇಳಿಯೋಕೆ ಅಂತ ಬಿಟ್ಟಿದ್ದ ಕಿಂಡಿಯನ್ನ ಈಗ ರೇಸಿನ ಗತ್ತು ಅಂತ ಮಾರೋಕೆ ಶುರು ಮಾಡಿದ್ರು. ಜಾಹೀರಾತು 'ಸ್ಪೋರ್ಟ್' ಅಂತು, ಘಾಟ್ ಅನ್ನೋದನ್ನ ಎಲ್ಲರೂ ಮರೆತ್ರು.

ಎರಡನೇ ಮನೆತನ ಎಎಂಟಿ. ಇದು ಆಟೊಮ್ಯಾಟಿಕ್ ಅಲ್ಲವೇ ಅಲ್ಲ, ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಪ್ಲೇಟ್ ಕೂಡ ಅದೇ. ನಿಮ್ಮ ಎಡಗಾಲು, ಎಡಗೈ ಮಾಡ್ತಿದ್ದ ಕೆಲಸವನ್ನ ಒಂದು ಯಂತ್ರ ಮಾಡುತ್ತೆ. ಫೆರಾರಿಯ ಆ ರೇಸ್ ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ಸ್‌ನಲ್ಲಿ ಕೈ ಇದ್ದದ್ದು ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪನಿಯದು. 2014ರ ಫೆಬ್ರವರಿಯಲ್ಲಿ, ದೆಹಲಿ ಪಕ್ಕದ ಗ್ರೇಟರ್ ನೋಯ್ಡಾ ಆಟೋ ಎಕ್ಸ್‌ಪೋದಲ್ಲಿ ಮಾರುತಿ ಸೆಲೇರಿಯೊ ಎಎಂಟಿ ಬಂತಲ್ಲ, ಅದಕ್ಕೆ ತಂತ್ರಜ್ಞಾನ ಕೊಟ್ಟಿದ್ದೂ ಅದೇ ಕಂಪನಿ. ರೇಸ್ ಟ್ರ್ಯಾಕಿಂದ ಸೆಲೇರಿಯೊವರೆಗೆ ಇಪ್ಪತ್ತೈದು ವರ್ಷ! ಅದೇ ವರ್ಷ ಟಾಟಾ ಜೆಸ್ಟ್, ಆಲ್ಟೊ ಕೆ10 ಕೂಡ ಎಎಂಟಿಯಲ್ಲಿ ಬಂದವು. ನಮ್ಮಂಥ ಮಧ್ಯಮ ವರ್ಗದ ಮನೆಗೆ ಆಟೊಮ್ಯಾಟಿಕ್ ಬಂದಿದ್ದು ಈ ಬಾಗಿಲಿಂದ.

ಮೂರನೇದು ಡಿಸಿಟಿ, ಎರಡು ಕ್ಲಚ್ ಇರೋದು. ಒಂದು ಕ್ಲಚ್ ಒಂದು-ಮೂರು-ಐದು ನೋಡ್ಕೊಳ್ಳುತ್ತೆ, ಇನ್ನೊಂದು ಎರಡು-ನಾಲ್ಕು-ಆರು. ಮುಂದಿನ ಗೇರ್ ಮೊದಲೇ ಸಿದ್ಧ ಇರೋದ್ರಿಂದ ಬದಲಾವಣೆ ಕಣ್ಣು ಮಿಟುಕಿಸೋದ್ರೊಳಗೆ ಆಗಿಹೋಗುತ್ತೆ. ಪೋರ್ಶೆ 1980ರ ದಶಕದಲ್ಲೇ ಇದನ್ನ ರೇಸ್ ಕಾರಲ್ಲಿ ಓಡಿಸಿತ್ತು. ರಸ್ತೆಗೆ ತಂದಿದ್ದು ಫೋಕ್ಸ್‌ವ್ಯಾಗನ್, 2003ರಲ್ಲಿ, ಗಾಲ್ಫ್ ಆರ್32ನಲ್ಲಿ, ಡಿಎಸ್‌ಜಿ ಅನ್ನೋ ಹೆಸರಲ್ಲಿ. ಅದರಲ್ಲಿ ಕ್ಲಚ್ ಎಣ್ಣೆಯೊಳಗೆ ಮುಳುಗಿರುತ್ತಿತ್ತು. 2008ರಲ್ಲಿ ಸಣ್ಣ ಕಾರುಗಳಿಗೆ ಅಂತ ಏಳು ಗೇರಿನದು ಬಂತು, ಅದರಲ್ಲಿ ಒಣ ಕ್ಲಚ್. ಒಣ ಕ್ಲಚ್‌ಗೆ ಟ್ರಾಫಿಕ್ಕಿನ ಬಿಸಿ ಕಷ್ಟ. 2013ರಲ್ಲಿ ಚೀನಾದಲ್ಲಿ ಡಿಎಸ್‌ಜಿ ತೊಂದರೆಗೆ ಸುಮಾರು 3.84 ಲಕ್ಷ ಕಾರುಗಳನ್ನ ವಾಪಸ್ ಕರೆಸಬೇಕಾಯ್ತು. ನಮ್ಮಲ್ಲಿ ಪೋಲೊ ಜಿಟಿ ಟಿಎಸ್‌ಐ ಬಂದಿದ್ದೂ 2013ರಲ್ಲೇ, ಏಳು ಗೇರಿನ ಡಿಎಸ್‌ಜಿ ಜೊತೆ.

ನಾಲ್ಕನೇದು ಸಿವಿಟಿ. ಇದರ ತವರು ಹಾಲೆಂಡ್. 1958ರಲ್ಲಿ ಡಾಫ್ ಕಂಪನಿ ತೋರಿಸಿದ ಸಣ್ಣ ಕಾರಲ್ಲಿ ಗೇರೇ ಇರಲಿಲ್ಲ. ರಬ್ಬರ್ ಬೆಲ್ಟು, ಅಗಲ ಕಿರಿದು ಆಗೋ ಪುಲ್ಲಿಗಳು, ಅಷ್ಟೆ. ನಮಗೆ ಇದು ಹೊಸದೇನಲ್ಲ. 1984ರಲ್ಲಿ ಪುಣೆಯ ಕೈನೆಟಿಕ್ ಮತ್ತು ಜಪಾನಿನ ಹೋಂಡಾ ಸೇರಿ ತಂದ ಕೈನೆಟಿಕ್ ಹೋಂಡಾ ಸ್ಕೂಟರ್ ಒಳಗಿದ್ದದ್ದು ಇದೇ ಉಪಾಯ. ಈಗಿನ ಕಾರುಗಳಲ್ಲಿ ಬೆಲ್ಟು ಉಕ್ಕಿನದು. ಗೇರೇ ಇಲ್ಲದ ಮೇಲೆ ಪ್ಲಸ್-ಮೈನಸ್ ಏನು ಮಾಡುತ್ತೆ? 2014ರ ಹೋಂಡಾ ಸಿಟಿ ಸಿವಿಟಿಯಲ್ಲಿ ಪ್ಯಾಡಲ್ ಇದೆ. ಅದು ಪುಲ್ಲಿಯನ್ನ ಏಳು ಗೊತ್ತಾದ ಜಾಗಗಳಲ್ಲಿ ನಿಲ್ಲಿಸುತ್ತೆ. ಗೇರ್‌ಗಳು ಕಲ್ಪನೆ, ಆದ್ರೆ ಇಳಿಜಾರಲ್ಲಿ ಸಿಗೋ ಎಂಜಿನ್ ಹಿಡಿತ ನಿಜ.

ಈಗ ಮನೆತನ ಗೊತ್ತಾಯ್ತಲ್ಲ, ಹಳೇ ಕಾರು ನೋಡೋಕೆ ಹೋಗೋಣ.

ಟಾರ್ಕ್ ಕನ್ವರ್ಟರ್ ಕಾರಾದ್ರೆ ಮೊದಲು ಕೇಳಬೇಕಾದ್ದು ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ರಿ ಅಂತ. ಎಣ್ಣೆಯೇ ಅದರ ಜೀವ. ಬಿಲ್ ತೋರಿಸಿ ಅನ್ನಿ. ಬ್ರೇಕ್ ಒತ್ತಿಕೊಂಡು ನ್ಯೂಟ್ರಲ್‌ನಿಂದ 'ಡಿ'ಗೆ, ರಿವರ್ಸ್‌ಗೆ ಹಾಕಿ ನೋಡಿ. ಎರಡು ಸೆಕೆಂಡ್ ಯೋಚನೆ ಮಾಡಿ ಧಡ್ ಅಂದ್ರೆ ಕೈಮುಗಿದು ಎದ್ದು ಬನ್ನಿ.

ಎಎಂಟಿ ಆದ್ರೆ ಕ್ಲಚ್ ಪ್ಲೇಟಿನ ವಿಚಾರ ಕೇಳಿ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೇ ಕಾರು ನಿಲ್ಲಿಸೋ ಅಭ್ಯಾಸ ಹಳೇ ಮಾಲೀಕರಿಗೆ ಇದ್ರೆ ಪ್ಲೇಟು ಸವೆದಿರುತ್ತೆ. ಏರಿನಲ್ಲಿ ನಿಲ್ಲಿಸಿ, ಹೊರಡಿಸಿ ನೋಡಿ.

ಡಿಸಿಟಿ ಆದ್ರೆ ಟ್ರಾಫಿಕ್ಕಿಗೇ ತೆಗೆದುಕೊಂಡು ಹೋಗಿ. ಖಾಲಿ ರಸ್ತೆಯಲ್ಲಿ ಎಲ್ಲ ಡಿಸಿಟಿಯೂ ಬೆಣ್ಣೆ ಥರಾನೇ ಇರುತ್ತೆ. ಆಮೆ ವೇಗದಲ್ಲಿ ಒಂದನೇ ಗೇರಿಂದ ಎರಡಕ್ಕೆ ಹೋಗುವಾಗ ನಡುಗುತ್ತಾ ಅಂತ ನೋಡಬೇಕು. ಸ್ಕ್ಯಾನರ್ ಹಾಕಿಸದೆ ಅಡ್ವಾನ್ಸ್ ಕೊಡಬೇಡಿ, ರಿಪೇರಿ ಬಿಲ್ ದೊಡ್ಡದು.

ಸಿವಿಟಿ ಆದ್ರೆ ಕಿವಿ ಬೇಕು. ವೇಗ ಏರಿದ ಹಾಗೆ ಏರೋ ಕೀರಲು ದನಿ ಒಳ್ಳೇದಲ್ಲ. ಅದಕ್ಕೆ ಹಾಕೋ ಆಯಿಲ್ ಕೂಡ ಬೇರೆ, ಮಾಮೂಲಿ ಆಟೊಮ್ಯಾಟಿಕ್ ಆಯಿಲ್ ಹಾಕಿದ್ರೆ ಹಾಳು.

ಇನ್ನು ಪ್ಲಸ್-ಮೈನಸ್ ಪರೀಕ್ಷೆ, ಇದನ್ನ ಯಾರೂ ಮಾಡಲ್ಲ. ನಲವತ್ತರ ವೇಗದಲ್ಲಿ, ಹಿಂದೆ ಗಾಡಿ ಇಲ್ಲದಾಗ, ಮ್ಯಾನುಯಲ್‌ಗೆ ತಂದು ಮೈನಸ್ ಒತ್ತಿ. ಮೀಟರಲ್ಲಿ ಗೇರ್ ನಂಬರ್ ಇಳೀಬೇಕು, ಎಂಜಿನ್ ದನಿ ಏರಬೇಕು, ಕಾರು ಯಾರೋ ಹಿಂದಿನಿಂದ ಹಿಡಿದಂಗೆ ನಿಧಾನ ಆಗಬೇಕು. ಹಾಗೇ ಬಿಟ್ಟು ನೋಡಿ, ಆ ಗೇರಲ್ಲೇ ನಿಲ್ಲುತ್ತಾ, ಇಲ್ಲ ತಾನೇ 'ಡಿ'ಗೆ ವಾಪಸ್ ಹೋಗುತ್ತಾ? ಕೆಲವು ಕಾರಲ್ಲಿ ಪ್ಯಾಡಲ್ ಒತ್ತಿದ್ರೆ ಸ್ವಲ್ಪ ಹೊತ್ತಿಗೆ ತಾನೇ ಹಿಂದಕ್ಕೆ ಹೋಗುತ್ತೆ, ಲಿವರ್ ಸರಿಸಿದ್ರೆ ಮಾತ್ರ ನಿಲ್ಲುತ್ತೆ. ಕೆಲವದರಲ್ಲಿ ಮುಂದೆ ತಳ್ಳಿದ್ರೆ ಗೇರ್ ಏರುತ್ತೆ, ಕೆಲವದರಲ್ಲಿ ಇಳಿಯುತ್ತೆ. ಘಾಟಿನ ಮಧ್ಯೆ ಕಲಿಯೋ ವಿಷಯ ಅಲ್ಲ ಅದು. ಮ್ಯಾನುಯಲ್ ಇದ್ದೇ ಇರುತ್ತೆ ಅಂತಲೂ ಅಂದ್ಕೋಬೇಡಿ. ರೆನೋ ಕ್ವಿಡ್ ಎಎಂಟಿಯಲ್ಲಿ ತಿರುಗಿಸೋ ಗುಂಡಿ ಇದೆ, ಪ್ಲಸ್-ಮೈನಸ್ ಇಲ್ಲ. ಊರೊಳಗೆ ಓಡಿಸೋರಿಗೆ ತೊಂದರೆ ಇಲ್ಲ, ವರ್ಷಕ್ಕೆ ನಾಲ್ಕು ಸಲ ಘಾಟ್ ಇಳಿದು ಊರಿಗೆ ಹೋಗೋರು ಯೋಚನೆ ಮಾಡಬೇಕು.

ನಮ್ಮ ಭಾವ ಕೊನೆಗೆ ತಗೊಂಡಿದ್ದು ಏಳು ವರ್ಷ ಹಳೇದಾದ ಟಾರ್ಕ್ ಕನ್ವರ್ಟರ್ ಕಾರು. ಮೈಲೇಜ್ ಕಡಿಮೆ, ಗೊತ್ತಿದ್ದೇ ತಗೊಂಡ್ರು. ಎರಡು ಸಲ ಗೇರ್ ಆಯಿಲ್ ಬದಲಾಯಿಸಿದ ಬಿಲ್ ಇತ್ತು, ಅದಕ್ಕೇ ಹತ್ತು ಸಾವಿರ ಜಾಸ್ತಿ ಕೊಟ್ಟರೂ ಬೇಜಾರಿಲ್ಲ ಅಂದ್ರು. ಹೋದ ತಿಂಗಳು ಮತ್ತೆ ಅಂಬೋಲಿಗೆ ಹೋಗಿದ್ವಿ, ಅದೇ ನಾಲ್ಕು ಜನ. ಇಳಿಜಾರು ಶುರುವಾಗೋ ಮುಂಚೆನೇ ಲಿವರ್ ಪಕ್ಕಕ್ಕೆ ಸರಿಸಿ ಮೂರಕ್ಕೆ ತಂದ್ರು, ಕಡಿದಾದ ಕಡೆ ಎರಡಕ್ಕೆ. ಎಂಜಿನ್ ಗುರ್ ಅಂತಿತ್ತು. ಬ್ರೇಕ್ ಮುಟ್ಟಿದ್ದು ತಿರುವುಗಳಲ್ಲಿ ಮಾತ್ರ. ಕೆಳಗೆ ಬಂದು ನಿಲ್ಲಿಸಿ ಇಳಿದು ಚಕ್ರದ ಹತ್ತಿರ ಬಗ್ಗಿ ಮೂಸಿ ನೋಡಿದ್ರು. ಆಮೇಲೆ ಅಕ್ಕನ ಕಡೆ ತಿರುಗಿ, "ಏನೂ ವಾಸನಿ ಇಲ್ಲ, ಚಾ ಕುಡಿಯೋಣ ಬಾ" ಅಂದ್ರು.

ನಿಮ್ಮ ಮನೆಯಲ್ಲಿ ಈಗಾಗಲೇ ಆಟೊಮ್ಯಾಟಿಕ್ ಇದ್ರೆ, ಇವತ್ತೇ ಒಂದು ಖಾಲಿ ರಸ್ತೆಯಲ್ಲಿ ಆ ಮೈನಸ್ ಒತ್ತಿ ನೋಡಿ. ಮನೆಯಲ್ಲಿ ಓಡಿಸೋ ಪ್ರತಿಯೊಬ್ಬರಿಗೂ ಒತ್ತಿಸಿ.