ಅಪೊಸ್ತಲ ಅಂದ್ರೆ ಯಾರು?

ಕನ್ನಡದಲ್ಲಿ ಬೈಬಲ್ ಓದುವವರು ಅದರ ಒಂದು ಭಾಗವನ್ನು ಎರಡು ಹೆಸರಿನಿಂದ ಕರೀತಾರೆ. ಪ್ರೊಟೆಸ್ಟೆಂಟರಿಗೆ ಅದು 'ಅಪೊಸ್ತಲರ ಕೃತ್ಯಗಳು', ಕಥೋಲಿಕರಿಗೆ 'ಪ್ರೇಷಿತರ ಕಾರ್ಯಕಲಾಪಗಳು'. ಅಪೊಸ್ತಲ ಅನ್ನೋದು ಗ್ರೀಕಿನ 'ಅಪೊಸ್ತೊಲೊಸ್' ಪದವನ್ನೇ ಎತ್ತಿಕೊಂಡದ್ದು. ಪ್ರೇಷಿತ ಅನ್ನೋದು ಅದರ ಅರ್ಥ, ಅಂದ್ರೆ ಕಳಿಸಲ್ಪಟ್ಟವನು. ನಾನು ಕ್ರೈಸ್ತನಲ್ಲ, ಇತಿಹಾಸದ ಹುಚ್ಚಿಗೆ ಎರಡೂ ಅನುವಾದಗಳನ್ನು ಓದಿದವನು. ನನಗೆ ಪ್ರೇಷಿತ ಅನ್ನೋ ಪದವೇ ಇಷ್ಟ. ಯಾಕೆ ಅಂತ ಹೇಳ್ತೀನಿ.

ಶಿಷ್ಯ ಬೇರೆ, ಅಪೊಸ್ತಲ ಬೇರೆ. ಶಿಷ್ಯ ಗುರುವಿನ ಹತ್ತಿರ ಇದ್ದು ಕಲಿಯುವವನು. ಅಪೊಸ್ತಲ ಗುರುವಿನ ಮಾತು ಹೊತ್ತು ಹೊರಡುವವನು. ಯೇಸುವಿಗೆ ಶಿಷ್ಯರು ಬಹಳ ಜನ ಇದ್ದರು. ಅವರಲ್ಲಿ ಹನ್ನೆರಡು ಜನರನ್ನು ಆರಿಸಿ ಅಪೊಸ್ತಲರು ಅಂತ ಹೆಸರಿಟ್ಟ ಅನ್ನುತ್ತೆ ಲೂಕನ ಸುವಾರ್ತೆ. ಇಸ್ರಾಯೇಲಿನ ಕುಲಗಳೂ ಹನ್ನೆರಡು, ಹಾಗಾಗಿ ಆ ಸಂಖ್ಯೆಗೆ ಯೆಹೂದ್ಯರಲ್ಲಿ ದೊಡ್ಡ ಅರ್ಥವಿತ್ತು.

ಯೂದ ದ್ರೋಹ ಮಾಡಿ ಸತ್ತ ಮೇಲೆ ಒಂದು ಜಾಗ ಖಾಲಿಯಾಯ್ತು. ಆಗ ಪೇತ್ರ ಅರ್ಹತೆ ಏನು ಅಂತ ಹೇಳ್ತಾನೆ, ಥೇಟ್ ನಮ್ಮ ಕೆಲಸದ ಜಾಹೀರಾತಿನ ಹಾಗೆ! ಯೋಹಾನ ದೀಕ್ಷಾಸ್ನಾನ ಕೊಡುತ್ತಿದ್ದ ಕಾಲದಿಂದ ಯೇಸು ಸ್ವರ್ಗಕ್ಕೆ ಹೋದ ದಿನದವರೆಗೂ ಜೊತೆಯಲ್ಲೇ ಇದ್ದವನಾಗಿರಬೇಕು, ಪುನರುತ್ಥಾನಕ್ಕೆ ಸಾಕ್ಷಿ ಹೇಳಬೇಕು. ಇಬ್ಬರ ಹೆಸರು ಬಂತು, ಚೀಟಿ ಹಾಕಿದರು, ಮತ್ತೀಯ ಗೆದ್ದ. ಆಮೇಲೆ ಇಡೀ ಪುಸ್ತಕದಲ್ಲಿ ಅವನ ಸುದ್ದಿಯೇ ಇಲ್ಲ. ಕ್ರಿ.ಶ. 44ರ ಸುಮಾರಿಗೆ ಹೆರೋದ ಅಗ್ರಿಪ್ಪ ರಾಜ ಹನ್ನೆರಡರಲ್ಲಿ ಒಬ್ಬನಾದ ಯಾಕೋಬನನ್ನು ಕೊಲ್ಲಿಸಿದಾಗ ಅವನ ಜಾಗಕ್ಕೆ ಇನ್ನೊಬ್ಬನನ್ನು ಆರಿಸಿದ ಮಾತೂ ಇಲ್ಲ.

ಇನ್ನು ಪೌಲ... ಪೇತ್ರನ ಷರತ್ತು ಹಾಕಿ ನೋಡಿದರೆ ಅವನು ಮೊದಲನೇ ಸುತ್ತಿನಲ್ಲೇ ಔಟ್. ಯೇಸುವಿನ ಜೊತೆ ಒಂದು ದಿನವೂ ಓಡಾಡಿದವನಲ್ಲ. ಸಾಲದ್ದಕ್ಕೆ ಕ್ರೈಸ್ತರನ್ನು ಹಿಡಿದು ಹಿಂಸಿಸುತ್ತಿದ್ದವನು. ದಮಸ್ಕದ ದಾರಿಯಲ್ಲಿ ಯೇಸುವಿನ ದರ್ಶನವಾಯಿತು, ಅವನೇ ನನ್ನನ್ನು ಕಳಿಸಿದ ಅನ್ನೋದು ಪೌಲನ ವಾದ. ಗಲಾತ್ಯದವರಿಗೆ ಬರೆದ ಪತ್ರದ ಮೊದಲ ಸಾಲಿನಲ್ಲೇ, ತಾನು ಮನುಷ್ಯರಿಂದಾದ ಅಪೊಸ್ತಲನಲ್ಲ ಅಂತ ಜಗಳಕ್ಕೇ ನಿಲ್ಲುತ್ತಾನೆ.

ಇದು ಬರೀ ಪದವಿಯ ಹಟ ಅಂದುಕೊಳ್ಳಬೇಡಿ. ಯೆಹೂದ್ಯರಲ್ಲದವರು ಕ್ರೈಸ್ತರಾಗಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಳ್ಳಬೇಕೇ ಅನ್ನೋದು ಆಗಿನ ದೊಡ್ಡ ಪ್ರಶ್ನೆ. ಬೇಡ ಅಂತ ಪೌಲ ಊರೂರಲ್ಲಿ ಹೇಳಿ ಸಭೆಗಳನ್ನು ಕಟ್ಟಿದ್ದ. ಅವನು ಅಪೊಸ್ತಲನೇ ಅಲ್ಲ ಅಂತಾದರೆ ಆ ಜನರ ಗತಿ ಏನು? ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನಲ್ಲಿ ಚರ್ಚೆಯಾಗಿ ಸುನ್ನತಿ ಬೇಡ ಅಂತ ತೀರ್ಮಾನವಾಯ್ತು. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದವರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಾಗ, ಪೌಲ ಎಲ್ಲರ ಎದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಒಂದು ಧರ್ಮ ಒಂದು ಜನಾಂಗದ ಗೆರೆ ದಾಟಿದ್ದು ಹೀಗೆ, ಪಂಕ್ತಿಭೇದದ ಜಗಳದಲ್ಲಿ! ನಮಗೆ ಇದು ಅರ್ಥವಾಗದ ವಿಷಯವೇನಲ್ಲ ಬಿಡಿ.

ಪೌಲನ ಪತ್ರಗಳಲ್ಲಿ ಅಪೊಸ್ತಲರ ಪಟ್ಟಿ ಹನ್ನೆರಡಕ್ಕೆ ಮುಗಿಯೋದಿಲ್ಲ. ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ ಯೂನ್ಯ ಅನ್ನೋ ಹೆಸರಿದೆ, ಅಪೊಸ್ತಲರಲ್ಲಿ ಹೆಸರಾದವಳು ಅಂತ. ನಾಲ್ಕನೇ ಶತಮಾನದ ಯೋಹಾನ ಕ್ರಿಸೊಸ್ತೊಮನಿಗೆ ಅವಳು ಹೆಂಗಸು ಅನ್ನೋದರಲ್ಲಿ ಅನುಮಾನವೇ ಇರಲಿಲ್ಲ, ಹೊಗಳಿದ್ದಾನೆ. ಆದರೆ ಮುಂದೆ ಕೆಲವರು ಹೆಂಗಸು ಅಪೊಸ್ತಲಳಾಗೋದು ಹೇಗೆ ಅಂತ ಆ ಹೆಸರನ್ನು ಗಂಡಸಿನದು ಮಾಡಿಬಿಟ್ಟರು. ವಿದ್ವಾಂಸರು ಬಳಸುವ ನೆಸ್ಲೆ ಗ್ರೀಕ್ ಆವೃತ್ತಿಯಲ್ಲಿ 1927ರಿಂದ ಗಂಡು ರೂಪವೇ ಇತ್ತು. ಮತ್ತೆ ಹೆಣ್ಣಾಗಿದ್ದು 1998ರಲ್ಲಿ! 'ಅಪೊಸ್ತಲರಿಗೆ ಚೆನ್ನಾಗಿ ಗೊತ್ತಿದ್ದವಳು' ಅಷ್ಟೇ ಅಂತ ವಾದಿಸುವವರು ಈಗಲೂ ಇದ್ದಾರೆ.

ಎರಡನೇ ಶತಮಾನಕ್ಕೆ ಬಂದರೆ ಮೊದಲ ತಲೆಮಾರು ಪೂರ್ತಿ ಹೋಗಿತ್ತು. ನೂರೆಂಟು ಪಂಥಗಳು, ಎಲ್ಲರೂ ತಮ್ಮದೇ ನಿಜ ಅನ್ನುವವರು. ಸುಮಾರು ಕ್ರಿ.ಶ. 180ರಲ್ಲಿ ಇರೇನಿಯಸ್ ರೋಮಿನ ಬಿಷಪರ ಹೆಸರುಗಳನ್ನು ಅಪೊಸ್ತಲರಿಂದ ಶುರುಮಾಡಿ ಸಾಲಾಗಿ ಕೊಟ್ಟ. ನಮ್ಮ ಮಠಗಳ ಗುರುಪರಂಪರೆಯ ಹಾಗೆ. ಅಲ್ಲಿಂದ ಅಪೊಸ್ತಲ ಅನ್ನೋದು ಕೆಲಸಕ್ಕಿಂತ ಹೆಚ್ಚಾಗಿ ಅಧಿಕಾರದ ಮೂಲವಾಯ್ತು.

ಪ್ರೇಷಿತ ಪದ ನನಗೆ ಇಷ್ಟವಾಗೋದು ಅದಕ್ಕೇ. ಅದರಲ್ಲಿ ಹನ್ನೆರಡರ ಲೆಕ್ಕ ಇಲ್ಲ, ಕುರ್ಚಿ ಇಲ್ಲ. ಯಾರು ಕಳಿಸಿದರು, ಎಲ್ಲಿಗೆ ಹೋದೆ ಅನ್ನೋ ಎರಡೇ ಪ್ರಶ್ನೆ. ಪೌಲ ಜೀವನಪೂರ್ತಿ ಉತ್ತರ ಕೊಟ್ಟಿದ್ದೂ ಇವಕ್ಕೇ. ನಿಮಗೇನನ್ನಿಸುತ್ತೆ?